‘ಸಹಿ ಹಾಕುವುದಿಲ್ಲ’ ಎಂದದ್ದು ಯಾವುದಕ್ಕೆ? ಒಬಾಮಾ ಅವರ ಆರೋಗ್ಯ ಭಾಷಣ ಮತ್ತು ಪ್ರಗತಿಪರರ ಮುನಿಸು

ಪ್ರಶ್ನೆ: ನಾನು ರಾಜ್ಯಶಾಸ್ತ್ರದ ಎಂ.ಎ. ವಿದ್ಯಾರ್ಥಿನಿ. ಆರೋಗ್ಯ ವಿಮೆಯ ಸುಧಾರಣೆ ಕುರಿತು ಅಧ್ಯಕ್ಷ ಬರಾಕ್ ಒಬಾಮಾ 2009ರ ಸೆಪ್ಟೆಂಬರ್ 9ರಂದು ಅಮೆರಿಕದ ಸಂಸತ್ತಿನ ಜಂಟಿ ಅಧಿವೇಶನದಲ್ಲಿ ಮಾಡಿದ ಭಾಷಣವನ್ನು ತರಗತಿಗಾಗಿ ಓದಿದೆ. ಕಣ್ಣು ತುಂಬಿ ಬಂತು. ಆದರೆ ಅವರದೇ ಡೆಮಾಕ್ರಟಿಕ್ ಪಕ್ಷದ ಪ್ರಗತಿಪರರು ಆ ಭಾಷಣದ ಬಗ್ಗೆ ಅಸಮಾಧಾನಗೊಂಡಿದ್ದರಂತೆ. ಬಡವರ ಪರವಾದ ಮಾತಿಗೆ ಬಡವರ ಪರ ಇರುವವರೇ ಏಕೆ ಮುನಿದರು? ಅವರ ಟೀಕೆ ನ್ಯಾಯವಾದದ್ದೇ? ಟೆಕ್ಸಾಸಿನಲ್ಲಿರುವ ನನ್ನ ಅಕ್ಕ ‘ಇಲ್ಲಿ ಇವತ್ತಿಗೂ ಕೆಲಸ ಹೋದರೆ ವಿಮೆ ಹೋಗುತ್ತದೆ’ ಎನ್ನುತ್ತಾಳೆ. ಹಾಗಿದ್ದರೆ ಒಬಾಮಾ ಕಾನೂನಿನಿಂದ ಆದದ್ದಾದರೂ ಏನು?
(ಓದುಗರು, ಶಿವಮೊಗ್ಗ)

ಉತ್ತರ: ಕಣ್ಣು ತುಂಬಿ ಬಂದದ್ದು ಸಹಜ. ನಾನು ಆ ಭಾಷಣವನ್ನು ಟಿವಿಯಲ್ಲಿ ಕೇಳಿದ್ದು ಒಹಾಯೊ ರಾಜ್ಯದ ಒಂದು ಸಣ್ಣ ಊರಿನಲ್ಲಿ, ಅಲ್ಲಿನ ಕಾಲೇಜೊಂದರಲ್ಲಿ ಸಂದರ್ಶಕ ಅಧ್ಯಾಪಕನಾಗಿದ್ದಾಗ. ದಿನವೂ ಹಾಲು ತರಲು ಹೋಗುತ್ತಿದ್ದ ಪೆಟ್ರೋಲ್ ಬಂಕಿನ ಅಂಗಡಿಯಲ್ಲಿ, ಗಲ್ಲಾಪೆಟ್ಟಿಗೆಯ ಪಕ್ಕ, ಒಂದು ಪ್ಲಾಸ್ಟಿಕ್ ಡಬ್ಬಿ ಇತ್ತು. ಅದರ ಮೇಲೆ ಏಳೆಂಟು ವರ್ಷದ ಹುಡುಗನ ಫೋಟೊ. ಅವನ ಕ್ಯಾನ್ಸರ್ ಚಿಕಿತ್ಸೆಗೆ ನೆರವು ಕೋರಿ ಕೈಯಲ್ಲಿ ಬರೆದ ಎರಡು ಸಾಲು. ಪೆಟ್ರೋಲ್ ಹಾಕಿಸಿಕೊಂಡವರು ಉಳಿದ ಚಿಲ್ಲರೆಯನ್ನು ಅದರೊಳಗೆ ಹಾಕಿ ಹೋಗುತ್ತಿದ್ದರು. ನಮ್ಮ ಬಸ್ ನಿಲ್ದಾಣಗಳಲ್ಲಿ ಇಂಥ ಡಬ್ಬಿಗಳನ್ನು ಬೇಕಾದಷ್ಟು ನೋಡಿದ್ದೇನೆ. ಅಷ್ಟು ಶ್ರೀಮಂತ ದೇಶದಲ್ಲೂ ನೋಡಬೇಕಾದೀತು ಎಂದುಕೊಂಡಿರಲಿಲ್ಲ. ಭಾಷಣದ ಮರುದಿನ ಅಲ್ಲಿನ ಜನಗಣತಿ ಇಲಾಖೆ ಪ್ರಕಟಿಸಿದ ಲೆಕ್ಕದ ಪ್ರಕಾರ 2008ರಲ್ಲಿ ಆರೋಗ್ಯ ವಿಮೆ ಇಲ್ಲದವರು 4.63 ಕೋಟಿ. ಒಬಾಮಾ ಮಾತನಾಡಿದ್ದು ಆ ಹುಡುಗನಂಥವರ ಬಗ್ಗೆ. ಪ್ರಗತಿಪರರು ತಕರಾರು ತೆಗೆದದ್ದೂ ಅಂಥವರ ಪರವಾಗಿಯೇ. ಜಗಳ ಇದ್ದದ್ದು ಗುರಿಯ ಬಗ್ಗೆ ಅಲ್ಲ.

ಮತ್ತೆ ಯಾವುದರ ಬಗ್ಗೆ? ಭಾಷಣದ ಪಠ್ಯ ನಿಮ್ಮ ಕೈಯಲ್ಲಿದೆ. ಅದರಲ್ಲಿ ‘ನಾನು ಸಹಿ ಹಾಕುವುದಿಲ್ಲ’ ಎಂಬ ಮಾತು ಎಲ್ಲಿ ಬರುತ್ತದೆ ಎಂದು ಹುಡುಕಿ. ಮಸೂದೆಗೆ ಸಹಿ ಹಾಕದಿರುವುದು ಅಮೆರಿಕದ ಅಧ್ಯಕ್ಷನ ಕೈಯಲ್ಲಿರುವ ಬಲವಾದ ಅಸ್ತ್ರ. ಆ ರಾತ್ರಿ ಒಬಾಮಾ ಅದನ್ನು ಎತ್ತಿದ್ದು ವಿತ್ತೀಯ ಕೊರತೆಯ ವಿಷಯದಲ್ಲಿ: ಕೊರತೆಗೆ ಒಂದು ಬಿಡಿಕಾಸು ಸೇರಿಸುವ ಯೋಜನೆಗೂ ತಾನು ಸಹಿ ಹಾಕುವುದಿಲ್ಲ, ಈಗಲೂ ಇಲ್ಲ, ಮುಂದೆಯೂ ಇಲ್ಲ ಎಂದರು. ಅದೇ ಭಾಷಣದಲ್ಲಿ ಸರ್ಕಾರಿ ವಿಮೆಯ ವಿಷಯ ಬಂದಾಗ ಧ್ವನಿ ಬದಲಾಯಿತು. ‘ನನ್ನ ಪ್ರಗತಿಪರ ಮಿತ್ರರೇ’ ಎಂದು ಕರೆದು, ಅದು ಗುರಿ ಮುಟ್ಟುವ ಒಂದು ಸಾಧನ ಮಾತ್ರ, ಬೇರೆ ದಾರಿಗಳಿಗೂ ನಾವು ಮನಸ್ಸು ತೆರೆದಿಡಬೇಕು ಎಂದರು. ಒಂದು ಕಡೆ ಕಲ್ಲಿನಲ್ಲಿ ಕೊರೆದಂಥ ಶಪಥ, ಇನ್ನೊಂದು ಕಡೆ ಮೃದುವಾದ ಬುದ್ಧಿಮಾತು. ಪ್ರಗತಿಪರರ ಟೀಕೆಯ ತಿರುಳು ಇಷ್ಟೇ. ನನ್ನ ಮಟ್ಟಿಗೆ ಅದು ಸರಿಯಾದ ಟೀಕೆ.

ಇದು ತೂಕದ ಮಾತು ಎನಿಸಬೇಕಾದರೆ ಈ ಸರ್ಕಾರಿ ವಿಮೆಯ, ಅಂದರೆ ‘ಪಬ್ಲಿಕ್ ಆಪ್ಷನ್’ ಎಂಬುದರ ಹಿನ್ನೆಲೆ ಸ್ವಲ್ಪ ಗೊತ್ತಿರಬೇಕು. ಅಮೆರಿಕದಲ್ಲಿ 65 ದಾಟಿದವರಿಗೆ ಮೆಡಿಕೇರ್ ಎಂಬ ಸರ್ಕಾರಿ ವಿಮೆ ಇದೆ. 1965ರಲ್ಲಿ ಲಿಂಡನ್ ಜಾನ್ಸನ್ ಜಾರಿಗೆ ತಂದದ್ದು. ಅದನ್ನು ಎಲ್ಲ ವಯಸ್ಸಿನವರಿಗೂ ವಿಸ್ತರಿಸಿ, ಎಲ್ಲರ ಆಸ್ಪತ್ರೆ ಬಿಲ್ಲನ್ನೂ ಸರ್ಕಾರವೇ ಕಟ್ಟಲಿ ಎಂಬುದು ಪ್ರಗತಿಪರರ ಹಳೆಯ ಬೇಡಿಕೆ. ಇದಕ್ಕೆ ಸಿಂಗಲ್ ಪೇಯರ್ ಎನ್ನುತ್ತಾರೆ. 2003ರಲ್ಲಿ, ಇನ್ನೂ ಇಲಿನಾಯ್ ರಾಜ್ಯದ ಶಾಸಕರಾಗಿದ್ದಾಗ, ಕಾರ್ಮಿಕ ಸಂಘಟನೆಯ ಸಭೆಯೊಂದರಲ್ಲಿ ಒಬಾಮಾ ತಾವೂ ಇದರ ಪರ ಎಂದು ಬಾಯಿಬಿಟ್ಟು ಹೇಳಿದ್ದರು. ಅಧ್ಯಕ್ಷರಾದ ಮೇಲೆ ಆ ಮಾತು ಚರ್ಚೆಯ ಮೇಜಿಗೇ ಬರಲಿಲ್ಲ. 2009ರ ಮೇ ತಿಂಗಳಲ್ಲಿ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನ ಹಣಕಾಸು ಸಮಿತಿ ವಿಚಾರಣೆ ನಡೆಸಿದಾಗ ಸಿಂಗಲ್ ಪೇಯರ್ ಪರವಾಗಿ ಒಬ್ಬ ಸಾಕ್ಷಿಯನ್ನೂ ಕರೆಯಲಿಲ್ಲ. ನಮಗೂ ಒಂದು ಕುರ್ಚಿ ಕೊಡಿ ಎಂದು ಸಭಿಕರ ಸಾಲಿನಿಂದ ಎದ್ದು ನಿಂತ, ವೈದ್ಯರೂ ಸೇರಿದ್ದ ಎಂಟು ಜನರನ್ನು ಪೊಲೀಸರು ಬಂಧಿಸಿ ಹೊರಗೆ ಕರೆದೊಯ್ದರು.

ಆದ್ದರಿಂದ ಪಬ್ಲಿಕ್ ಆಪ್ಷನ್ ಎಂಬುದು ಪ್ರಗತಿಪರರ ಮೊದಲ ಬೇಡಿಕೆಯೇ ಅಲ್ಲ. ಅದೇ ಒಂದು ರಾಜಿ ಸೂತ್ರ. ಖಾಸಗಿ ಕಂಪನಿಗಳು ಇರಲಿ, ಅವುಗಳ ಪಕ್ಕದಲ್ಲಿ ಸರ್ಕಾರದ್ದೂ ಒಂದು ವಿಮೆ ಇರಲಿ, ಬೇಕಾದವರು ಅದನ್ನು ಕೊಳ್ಳಲಿ ಎಂಬುದಷ್ಟೇ ಅದರ ಅರ್ಥ. ಸ್ಪರ್ಧೆಗೆ ಅಂಜಿ ಕಂಪನಿಗಳು ಬೆಲೆ ಇಳಿಸಿಯಾವು ಎಂಬ ಲೆಕ್ಕಾಚಾರ. ಸ್ಪರ್ಧೆ ಇಲ್ಲದ ಸ್ಥಿತಿಯನ್ನು ಒಬಾಮಾ ಅವರೇ ಭಾಷಣದಲ್ಲಿ ವಿವರಿಸಿದ್ದರು. ಅಲಬಾಮಾದಲ್ಲಿ ಮಾರುಕಟ್ಟೆಯ ಶೇ 90ರಷ್ಟು ಒಂದೇ ಕಂಪನಿಯ ಕೈಯಲ್ಲಿತ್ತು. ಜುಲೈ ಕೊನೆಯಲ್ಲಿ ಸಂಸತ್ತಿನ ಕೆಳಮನೆಯಾದ ಪ್ರತಿನಿಧಿ ಸಭೆಯ ಸುಮಾರು 60 ಡೆಮಾಕ್ರಟಿಕ್ ಸದಸ್ಯರು, ಗಟ್ಟಿಯಾದ ಪಬ್ಲಿಕ್ ಆಪ್ಷನ್ ಇಲ್ಲದ ಮಸೂದೆಗೆ ತಾವು ಮತ ಹಾಕಲಾರೆವು ಎಂದು ಪತ್ರ ಬರೆದರು. ಆಗಸ್ಟ್‌ನಲ್ಲಿ ಕೊಲೊರಾಡೊದ ಸಭೆಯೊಂದರಲ್ಲಿ ಒಬಾಮಾ ಅದನ್ನು ಇಡೀ ಸುಧಾರಣೆಯ ಒಂದು ಸಣ್ಣ ಚೂರು ಎಂದು ಕರೆದರು. ಮರುದಿನ ಆರೋಗ್ಯ ಸಚಿವೆ ಕ್ಯಾಥ್ಲೀನ್ ಸೆಬೆಲಿಯಸ್ ಅದು ಅನಿವಾರ್ಯ ಅಂಶವಲ್ಲ ಎಂದರು. ಸೆಪ್ಟೆಂಬರ್ 9ರ ರಾತ್ರಿ ಪ್ರಗತಿಪರರು ಕಿವಿ ನಿಮಿರಿಸಿ ಕಾದಿದ್ದು ಒಂದೇ ಪ್ರಶ್ನೆಗೆ ಉತ್ತರವಾಗಿ: ಅಧ್ಯಕ್ಷರು ಇದಕ್ಕಾಗಿ ನಿಲ್ಲುತ್ತಾರೆಯೇ?

ನ್ಯಾಯವಾಗಿ ಹೇಳಬೇಕೆಂದರೆ ಒಬಾಮಾ ಅದನ್ನು ಕೈಬಿಡಲಿಲ್ಲ, ಸಮರ್ಥಿಸಿಯೇ ಮಾತನಾಡಿದರು. ಆದರೆ ಸಮರ್ಥಿಸಿದ ರೀತಿಯನ್ನು ಗಮನಿಸಿ. ವಿಮೆ ಇಲ್ಲದವರಿಗೆ ಮಾತ್ರ ಅದು ಸಿಗುತ್ತದೆ, ಸೇರುವವರು ದೇಶದ ಜನರಲ್ಲಿ ಶೇ 5ಕ್ಕಿಂತ ಕಡಿಮೆ, ತೆರಿಗೆಯ ಹಣ ಅದಕ್ಕೆ ಹೋಗುವುದಿಲ್ಲ, ಕಂತಿನ ಹಣದಲ್ಲೇ ಅದು ನಡೆಯಬೇಕು. ಹೆದರಿದವರಿಗೆ ಧೈರ್ಯ ತುಂಬಲು ಆಡಿದ ಮಾತುಗಳು ಇವು. ಆದರೆ ಶೇ 5ರಷ್ಟು ಜನರೂ ಇಲ್ಲದ ಒಂದು ಯೋಜನೆ ದೈತ್ಯ ಕಂಪನಿಗಳ ಜೊತೆ ಯಾವ ಚೌಕಾಶಿ ಮಾಡೀತು? ಆಸ್ಪತ್ರೆಗಳು ಅದರ ಮಾತಿಗೆ ಏಕೆ ಬಗ್ಗಿಯಾವು? ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂಬ ಎಚ್ಚರಿಕೆಯಲ್ಲಿ ಕೋಲನ್ನೇ ಕಡ್ಡಿಯಷ್ಟು ಸಣ್ಣದು ಮಾಡಿಕೊಂಡರು ಎಂಬುದು ಪ್ರಗತಿಪರರ ದೂರು.

ಸಾಲದ್ದಕ್ಕೆ, ಅದರ ಬದಲಿಗೆ ಏನೇನು ತರಬಹುದು ಎಂಬ ಪಟ್ಟಿಯನ್ನೂ ಅಧ್ಯಕ್ಷರೇ ಓದಿದರು. ಕಂಪನಿಗಳು ಕೈಗೆಟಕುವ ದರದ ವಿಮೆ ಕೊಡದ ಕಡೆ ಮಾತ್ರ ಸರ್ಕಾರಿ ಯೋಜನೆ ಶುರುವಾಗಲಿ ಎಂಬುದು ಒಂದು ಸಲಹೆ. ಸರ್ಕಾರದ ಬದಲು ಸಹಕಾರಿ ಸಂಘಗಳು ವಿಮೆ ನಡೆಸಲಿ ಎಂಬುದು ಇನ್ನೊಂದು. ಈ ಎರಡನೆಯದರ ಬಗ್ಗೆ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಸಹಕಾರಿ ಎಂದ ಕೂಡಲೇ ನಮ್ಮ ಕಿವಿಗೆ ಹಿತವಾಗುತ್ತದೆ. ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಷ್ಟು ಹಿಂದೆಯೇ ರೈತರ ಸಹಕಾರ ಸಂಘ ಕಟ್ಟಿದ ನಾಡು ನಮ್ಮದು. 2003ರಲ್ಲಿ ಆರಂಭವಾದ ಯಶಸ್ವಿನಿ ಯೋಜನೆಯೂ ಸಹಕಾರ ಸಂಘಗಳ ಸದಸ್ಯತ್ವದ ಮೇಲೆಯೇ ನಿಂತದ್ದು. ತಿಂಗಳಿಗೆ ಐದು ರೂಪಾಯಿಯ ಲೆಕ್ಕದಲ್ಲಿ ರೈತರು ಕಂತು ಕಟ್ಟಿ ಶಸ್ತ್ರಚಿಕಿತ್ಸೆಯ ಭದ್ರತೆ ಪಡೆದರು. ಆದರೆ ಯಶಸ್ವಿನಿಗೆ ಮೊದಲೇ ಹಳ್ಳಿಹಳ್ಳಿಯಲ್ಲಿ ಬೇರುಬಿಟ್ಟ ಸಂಘಗಳಿದ್ದವು, ಜೊತೆಗೆ ಸರ್ಕಾರದ ಪಾಲಿನ ಹಣವೂ ಇತ್ತು. ಕಾನೂನು ಬಂದ ಮೇಲೆ ಅಮೆರಿಕದಲ್ಲಿ ಆದದ್ದು ಬೇರೆ. ಬೇರಿಲ್ಲದ ನೆಲದಲ್ಲಿ ಸಾಲದ ಹಣದಿಂದ 23 ಸಹಕಾರಿ ವಿಮಾ ಸಂಸ್ಥೆಗಳು ತಲೆ ಎತ್ತಿದವು. ಬಹುಪಾಲು ಸಂಸ್ಥೆಗಳು ಕೆಲವೇ ವರ್ಷಗಳಲ್ಲಿ ಬಾಗಿಲು ಹಾಕಿದವು. ಸದಸ್ಯರು ಮತ್ತೆ ಹೊಸ ವಿಮೆ ಹುಡುಕಿಕೊಂಡು ಅಲೆಯಬೇಕಾಯಿತು. ಪಬ್ಲಿಕ್ ಆಪ್ಷನ್‌ಗೆ ಇದು ಬದಲಿಯಾಗಲಾರದು ಎಂದು ಪ್ರಗತಿಪರರು 2009ರಲ್ಲೇ ಹೇಳಿದ್ದರು.

ಇನ್ನೊಂದು ವಿಷಯ, ಕಡ್ಡಾಯ ವಿಮೆಯದು. 2008ರ ಪಕ್ಷದೊಳಗಿನ ಸ್ಪರ್ಧೆಯಲ್ಲಿ ಹಿಲರಿ ಕ್ಲಿಂಟನ್ ಎಲ್ಲರೂ ವಿಮೆ ಕೊಳ್ಳಲೇಬೇಕು ಎಂದಾಗ ಒಬಾಮಾ ಅದನ್ನು ವಿರೋಧಿಸಿದ್ದರು. ಈ ಭಾಷಣದಲ್ಲಿ, ವಾಹನಕ್ಕೆ ವಿಮೆ ಕಡ್ಡಾಯ ಇರುವಂತೆ ಆರೋಗ್ಯಕ್ಕೂ ಇರಬೇಕು ಎಂದು ತಾವೇ ಅದನ್ನು ಒಪ್ಪಿದರು. ಅದರ ತರ್ಕ ಸರಿಯೇ ಇದೆ. ಕಾಯಿಲೆ ಬಂದ ಮೇಲೆ ಮಾತ್ರ ಎಲ್ಲರೂ ವಿಮೆ ಕೊಳ್ಳುವುದಾದರೆ ಯಾವ ವಿಮೆಯೂ ನಡೆಯದು. ಆದರೆ ಕಡ್ಡಾಯ ಉಳಿದು ಸರ್ಕಾರಿ ಆಯ್ಕೆ ಬಿದ್ದುಹೋದರೆ ಏನಾಗುತ್ತದೆ? ಕಾನೂನಿನ ಬಲದಿಂದ ಲಕ್ಷಾಂತರ ಗಿರಾಕಿಗಳನ್ನು ಖಾಸಗಿ ಕಂಪನಿಗಳ ಬಾಗಿಲಿಗೆ ತಂದುಬಿಟ್ಟಂತೆ ಆಗುತ್ತದೆ. ಯಾವ ಕಂಪನಿಗಳ ಬಾಗಿಲಿಗೆ? ಟೆಕ್ಸಾಸಿನ ಮಹಿಳೆಯೊಬ್ಬರು ಸ್ತನ ಕ್ಯಾನ್ಸರ್ ಶಸ್ತ್ರಚಿಕಿತ್ಸೆಗೆ ಸಿದ್ಧರಾಗಿದ್ದಾಗ, ಹಿಂದೆ ಮೊಡವೆ ಆಗಿದ್ದದ್ದನ್ನು ತಿಳಿಸಿರಲಿಲ್ಲ ಎಂದು ಪಾಲಿಸಿ ರದ್ದು ಮಾಡಿದ ಕಥೆಯನ್ನು ಒಬಾಮಾ ಅದೇ ಭಾಷಣದಲ್ಲಿ ಹೇಳಿದ್ದರಲ್ಲ, ಅಂಥ ಕಂಪನಿಗಳ ಬಾಗಿಲಿಗೆ.

ಭಾಷಣದಲ್ಲಿ ಇಲ್ಲದ ಮಾತಿನ ಬಗ್ಗೆಯೂ ಟೀಕೆ ಇತ್ತು. ನಮ್ಮ ದನದ ಜಾತ್ರೆಯಲ್ಲಿ ಟವೆಲ್ಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ ಕುದುರಿಸುವುದನ್ನು ನೀವು ನೋಡಿರಬಹುದು. ಬೆಲೆ ಏನೆಂದು ಸುತ್ತ ನಿಂತವರಿಗೆ ತಿಳಿಯುವುದಿಲ್ಲ. ಔಷಧ ಕಂಪನಿಗಳ ಸಂಘದ ಜೊತೆ ಆ ಬೇಸಿಗೆಯಲ್ಲಿ ಆದದ್ದು ಅಂಥ ವ್ಯಾಪಾರ. ಕಂಪನಿಗಳು ಹತ್ತು ವರ್ಷಗಳಲ್ಲಿ 8,000 ಕೋಟಿ ಡಾಲರ್ ಉಳಿತಾಯ ಮಾಡಿಕೊಡುವುದಾಗಿ ಒಪ್ಪಿದವು. ಅದಕ್ಕಿಂತ ಹೆಚ್ಚು ಹಿಂಡುವುದಿಲ್ಲ ಎಂಬ ಭರವಸೆ ಶ್ವೇತಭವನದಿಂದ ಸಿಕ್ಕಿದೆ ಎಂಬುದು ಆಗಸ್ಟ್‌ನಲ್ಲಿ ಬಯಲಾಯಿತು. ಮೆಡಿಕೇರ್‌ಗಾಗಿ ಸರ್ಕಾರವೇ ಔಷಧದ ದರ ಚೌಕಾಶಿ ಮಾಡಬೇಕು ಎಂದು ಚುನಾವಣೆಯಲ್ಲಿ ಹೇಳಿದ್ದ ಮನುಷ್ಯ ಇವರೇ ಅಲ್ಲವೇ ಎಂದು ಪ್ರಗತಿಪರರು ಕೇಳಿದ್ದು ಅದಕ್ಕೇ.

ನನಗೆ ಇಂದಿಗೂ ನೋವಾಗುವುದು ವಲಸಿಗರ ವಿಷಯದಲ್ಲಿ. ಅಕ್ರಮವಾಗಿ ದೇಶದಲ್ಲಿರುವವರಿಗೆ ಈ ಸುಧಾರಣೆ ಅನ್ವಯಿಸುವುದಿಲ್ಲ ಎಂದು ಒಬಾಮಾ ಹೇಳಿದಾಗ ದಕ್ಷಿಣ ಕೆರೊಲಿನಾದ ರಿಪಬ್ಲಿಕನ್ ಸದಸ್ಯ ಜೋ ವಿಲ್ಸನ್ ‘ನೀವು ಸುಳ್ಳು ಹೇಳುತ್ತಿದ್ದೀರಿ’ ಎಂದು ಕೂಗಿದರು. ಆ ಕೂಗು ಜಗತ್ತಿನಾದ್ಯಂತ ಸುದ್ದಿಯಾಯಿತು. ವಾರದೊಳಗೆ ಪ್ರತಿನಿಧಿ ಸಭೆ ಅವರ ವರ್ತನೆಯನ್ನು ಖಂಡಿಸುವ ನಿರ್ಣಯವನ್ನೂ ಅಂಗೀಕರಿಸಿತು. ಆದರೆ ಆ ಗದ್ದಲದಲ್ಲಿ ಹೆಚ್ಚು ಜನ ಗಮನಿಸದೇ ಹೋದ ಸಂಗತಿ ಬೇರೆ. ಭಾಷಣವಾದ ಎರಡೇ ದಿನಕ್ಕೆ ಶ್ವೇತಭವನ ಇನ್ನೂ ಒಂದು ಹೆಜ್ಜೆ ಹಿಂದೆ ಸರಿಯಿತು. ದಾಖಲೆ ಇಲ್ಲದ ವಲಸಿಗರಿಗೆ ಸರ್ಕಾರದ ನೆರವು ಸಿಗದಿರುವುದು ಹಾಗಿರಲಿ, ಪಾಲಿಸಿಗಳನ್ನು ಹೋಲಿಸಿ ನೋಡಿ ಕೊಳ್ಳಲೆಂದು ಸುಧಾರಣೆಯಡಿ ತೆರೆಯಲಿದ್ದ ಹೊಸ ವಿಮಾ ಮಾರುಕಟ್ಟೆಯಲ್ಲಿ ಸ್ವಂತ ಹಣ ಕೊಟ್ಟು ಕೊಳ್ಳಲೂ ಅವರಿಗೆ ಅವಕಾಶವಿಲ್ಲ ಎಂದು ಸ್ಪಷ್ಟಪಡಿಸಿತು. ಕೂಗಿದವರನ್ನು ಖಂಡಿಸಿದರು, ನೀತಿಯನ್ನು ಮಾತ್ರ ಅವರ ಕಡೆಗೇ ಸರಿಸಿದರು. ಲ್ಯಾಟಿನ್ ಅಮೆರಿಕ ಮೂಲದ (ಹಿಸ್ಪಾನಿಕ್) ಸಂಸದರು ಇದರಿಂದ ತೀವ್ರವಾಗಿ ನೊಂದರು. ಇನ್ನೊಮ್ಮೆ ಪಠ್ಯ ನೋಡಿ: ವಿಮೆ ಸಿಗದ ‘ಮೂರು ಕೋಟಿಗೂ ಹೆಚ್ಚು ಅಮೆರಿಕನ್ ನಾಗರಿಕರು’ ಎಂದಿದೆ. ಆ ಬೇಸಿಗೆಯಲ್ಲಿ ಎಲ್ಲರ ಬಾಯಲ್ಲೂ ಇದ್ದ ಸಂಖ್ಯೆ ನಾಲ್ಕೂವರೆ ಕೋಟಿಯನ್ನು ದಾಟಿತ್ತು. ವ್ಯತ್ಯಾಸದ ಒಂದು ಭಾಗ ‘ನಾಗರಿಕರು’ ಎಂಬ ಒಂದೇ ಪದದಲ್ಲಿ ಅಡಗಿತ್ತು.

ಈಗ ಇನ್ನೊಂದು ಮಗ್ಗುಲು. ಒಬಾಮಾ ಪರ ಇದ್ದವರು ಅಂದು ಕೊಟ್ಟ ಉತ್ತರ ಒಂದು ಸಂಖ್ಯೆಯಲ್ಲಿದೆ: 60. ಸೆನೆಟ್‌ನಲ್ಲಿ ವಿರೋಧಿಗಳು ಚರ್ಚೆಯನ್ನು ಎಳೆದು ಮಸೂದೆಯನ್ನು ಕೊಲ್ಲದಂತೆ ತಡೆಯಲು ನೂರರಲ್ಲಿ 60 ಮತ ಬೇಕು. ಜೊತೆಗಿದ್ದ ಪಕ್ಷೇತರರನ್ನೂ ಸೇರಿಸಿ ಡೆಮಾಕ್ರಟರಿಗೆ ಇದ್ದದ್ದು ಸರಿಯಾಗಿ ಅಷ್ಟೇ. ಅದರಲ್ಲಿ ನೆಬ್ರಾಸ್ಕದ ಬೆನ್ ನೆಲ್ಸನ್, ಕನೆಟಿಕಟ್‌ನ ಜೋ ಲೀಬರ್ಮನ್ ಅವರಂಥವರೂ ಸೇರಿದ್ದರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವಂತೆ, ಪ್ರತಿನಿಧಿ ಸಭೆ ನವೆಂಬರ್ 7ರಂದು ಪಬ್ಲಿಕ್ ಆಪ್ಷನ್ ಇದ್ದ ಮಸೂದೆಯನ್ನು 220–215 ಮತಗಳಿಂದ ಅಂಗೀಕರಿಸಿದರೆ, ಸೆನೆಟ್‌ನಲ್ಲಿ ಲೀಬರ್ಮನ್ ಅದನ್ನು ತಡೆಯುವುದಾಗಿ ಪಟ್ಟು ಹಿಡಿದರು. 55 ದಾಟಿದವರು ಮೆಡಿಕೇರ್ ಕೊಳ್ಳಬಹುದು ಎಂಬ ಪರ್ಯಾಯವನ್ನು ಮುಂದಿಟ್ಟಾಗ ಅದನ್ನೂ ಒಪ್ಪಲಿಲ್ಲ. ಡಿಸೆಂಬರ್ 24ರ ಬೆಳಗ್ಗೆ ಎರಡೂ ಇಲ್ಲದ ಮಸೂದೆ 60–39 ಮತಗಳಿಂದ ಪಾಸಾಯಿತು. ಅಧ್ಯಕ್ಷರು ಎಷ್ಟು ಗುಡುಗಿದರೂ ಲೀಬರ್ಮನ್ ಬದಲಾಗುತ್ತಿರಲಿಲ್ಲ ಎನ್ನುವವರ ಮಾತನ್ನು ನಾನು ಸುಲಭವಾಗಿ ತಳ್ಳಿಹಾಕಲಾರೆ.

ಆದರೆ ‘ಸೋಲುತ್ತಿದ್ದರು’ ಎಂಬುದು ‘ಹೋರಾಡಿದರು’ ಎಂಬುದಕ್ಕೆ ಸಮನಲ್ಲ. ತಪ್ಪೆಲ್ಲ ಲೀಬರ್ಮನ್ ಅವರದೆನ್ನುವುದು ಸರಿಯಲ್ಲ, ಅಧ್ಯಕ್ಷರಿಗೆ ಮೊದಲಿನಿಂದಲೂ ಬೇಕಿದ್ದ ಮಸೂದೆ ಇದೇ ಎಂದು ತೋರುತ್ತದೆ ಎಂದು ವಿಸ್ಕಾನ್ಸಿನ್‌ನ ಪ್ರಗತಿಪರ ಸೆನೆಟರ್ ರಸ್ ಫೈನ್‌ಗೋಲ್ಡ್ ಆ ಡಿಸೆಂಬರ್‌ನಲ್ಲಿ ಹೇಳಿದರು. ಕೆಲವೇ ದಿನಗಳಲ್ಲಿ ಒಬಾಮಾ ಸಂದರ್ಶನವೊಂದರಲ್ಲಿ ತಾವು ಪಬ್ಲಿಕ್ ಆಪ್ಷನ್ ಮುಂದಿಟ್ಟು ಚುನಾವಣೆ ಎದುರಿಸಿರಲಿಲ್ಲ ಎಂದರು. ಅವರ 2008ರ ಚುನಾವಣಾ ಯೋಜನೆಯಲ್ಲಿ ಸರ್ಕಾರಿ ವಿಮಾ ಯೋಜನೆ ಬರಹದಲ್ಲೇ ಇತ್ತು.

ಪ್ರಗತಿಪರರೂ ಒಂದೇ ದಾರಿ ಹಿಡಿಯಲಿಲ್ಲ, ಮತ್ತು ನೀವು ಪ್ರಬಂಧ ಬರೆಯುವುದಾದರೆ ಈ ಭಾಗಕ್ಕೆ ಹೆಚ್ಚು ಜಾಗ ಕೊಡಿ. ಪಕ್ಷದ ಮಾಜಿ ಅಧ್ಯಕ್ಷರೂ ಸ್ವತಃ ವೈದ್ಯರೂ ಆದ ಹೋವರ್ಡ್ ಡೀನ್, ಸೆನೆಟ್ ಮಸೂದೆಯನ್ನು ಕೈಬಿಟ್ಟು ಮೊದಲಿನಿಂದ ಶುರುಮಾಡಿ ಎಂದರು. ವರ್ಮಾಂಟ್‌ನ ಸೆನೆಟರ್ ಬರ್ನಿ ಸ್ಯಾಂಡರ್ಸ್ ಸಿಂಗಲ್ ಪೇಯರ್ ತಿದ್ದುಪಡಿ ಮಂಡಿಸಿ, ಅದನ್ನು ಪೂರ್ತಿ ಓದಿಸಲೇಬೇಕೆಂದು ರಿಪಬ್ಲಿಕನ್ನರು ಪಟ್ಟು ಹಿಡಿದದ್ದರಿಂದ ಹಿಂತೆಗೆದುಕೊಂಡು, ಬಡ ಪ್ರದೇಶಗಳ ಸಮುದಾಯ ಆರೋಗ್ಯ ಕೇಂದ್ರಗಳಿಗೆ 1,100 ಕೋಟಿ ಡಾಲರ್ ಬರುವಂತೆ ನೋಡಿಕೊಂಡರು. ಪ್ರತಿನಿಧಿ ಸಭೆಯ ಸದಸ್ಯ, ಒಹಾಯೊದ ಡೆನಿಸ್ ಕುಸಿನಿಚ್ ನವೆಂಬರ್‌ನಲ್ಲಿ ಮಸೂದೆಯ ವಿರುದ್ಧ ಮತ ಹಾಕಿದ್ದರು. ಮಾರ್ಚ್‌ನಲ್ಲಿ ಒಬಾಮಾ ತಮ್ಮ ವಿಮಾನದಲ್ಲೇ ಅವರನ್ನು ಕ್ಲೀವ್‌ಲ್ಯಾಂಡ್‌ಗೆ ಕರೆದೊಯ್ದರು. ಎರಡು ದಿನಗಳ ನಂತರ ಕುಸಿನಿಚ್, ತನಗೆ ಬೇಕಾದ ಮಸೂದೆ ಇದಲ್ಲ ಎಂದು ಹೇಳುತ್ತಲೇ, ಪರವಾಗಿ ಮತ ಹಾಕುವುದಾಗಿ ಪ್ರಕಟಿಸಿದರು. ಜುಲೈಯಲ್ಲಿ ಪತ್ರ ಬರೆದವರಲ್ಲೂ ಹೆಚ್ಚಿನವರು ಕೊನೆಗೆ ಒಪ್ಪಿಕೊಂಡರು. 2010ರ ಮಾರ್ಚ್ 21ರಂದು ಪ್ರತಿನಿಧಿ ಸಭೆಯಲ್ಲಿ ಸೆನೆಟ್‌ನ ಆ ಮಸೂದೆಯೇ 219–212 ಮತಗಳಿಂದ ಗೆದ್ದಿತು, 23ರಂದು ಸಹಿ ಬಿತ್ತು. ಅವರು ಸೋತು ಶರಣಾದರು ಎಂದು ಕೆಲವರು ಬರೆಯುತ್ತಾರೆ. ನನಗೆ ಹಾಗೆನ್ನಿಸುವುದಿಲ್ಲ. ಕ್ಯಾನ್ಸರ್ ಬಂದವನಿಗೆ ವಿಮೆ ನಿರಾಕರಿಸುವುದನ್ನು ನಿಷೇಧಿಸುವ ಮಸೂದೆಯನ್ನು, ಅದು ಅರ್ಧ ಎಂಬ ಕಾರಣಕ್ಕೆ ಬೀಳಿಸಲು ಅವರ ಕೈ ಬರಲಿಲ್ಲ. ಟೀಕಿಸುವ ಹಕ್ಕನ್ನೂ ಅವರು ಬಿಟ್ಟುಕೊಡಲಿಲ್ಲ.

ಇನ್ನು ನಿಮ್ಮ ಅಕ್ಕನ ಮಾತು. ಅವರು ಹೇಳುವುದು ನಿಜ. ಹೆಚ್ಚಿನ ಅಮೆರಿಕನ್ನರಿಗೆ ವಿಮೆ ಇಂದಿಗೂ ಕೆಲಸದ ಜೊತೆಗೇ ಬರುತ್ತದೆ, ಕೆಲಸದ ಜೊತೆಗೇ ಹೋಗುತ್ತದೆ. ಈ ಗಂಟನ್ನು ಬಿಚ್ಚುವುದಿಲ್ಲ ಎಂದು ಒಬಾಮಾ ಭಾಷಣದಲ್ಲೇ ಹೇಳಿದ್ದರು. ಕೆಲಸದ ಮೂಲಕ ವಿಮೆ ಇರುವವರು ಏನನ್ನೂ ಬದಲಿಸಬೇಕಾಗಿಲ್ಲ ಎಂಬುದೇ ಅವರು ಕೊಟ್ಟ ಭರವಸೆ. ಎಚ್-1ಬಿ ವೀಸಾದಲ್ಲಿರುವ ನಮ್ಮವರಿಗೆ ಇದರ ಬಿಸಿ ಎರಡು ಪಟ್ಟು, ಏಕೆಂದರೆ ಕೆಲಸ ಹೋದರೆ ವೀಸಾದ ಗಡುವೂ ಓಡತೊಡಗುತ್ತದೆ. ಹಳೆಯ ಕಂಪನಿಯ ವಿಮೆಯನ್ನು ಕೆಲವು ತಿಂಗಳು ಮುಂದುವರಿಸಬಹುದು, ಆದರೆ ಪೂರ್ತಿ ಕಂತನ್ನು ತಾವೇ ಕಟ್ಟಬೇಕು. ಆದರೂ 2010ಕ್ಕೆ ಮೊದಲು ಇಲ್ಲದ ಒಂದು ದಾರಿ ಈಗ ಇದೆ. ಕಾನೂನುಬದ್ಧವಾಗಿ ಅಲ್ಲಿರುವವರು ವಿಮಾ ಮಾರುಕಟ್ಟೆಯಲ್ಲಿ ತಾವೇ ಪಾಲಿಸಿ ಕೊಳ್ಳಬಹುದು. ಸಕ್ಕರೆ ಕಾಯಿಲೆ ಇದೆ, ಹಿಂದೆ ಹೃದಯದ ಶಸ್ತ್ರಚಿಕಿತ್ಸೆ ಆಗಿದೆ ಎಂಬ ನೆಪ ಹೇಳಿ ಕಂಪನಿ ಅವರನ್ನು ವಾಪಸ್ ಕಳುಹಿಸುವಂತಿಲ್ಲ.

ಕಾನೂನು ಪೂರ್ತಿ ಜಾರಿಯಾದ ಮೇಲೆ ಸುಮಾರು ಎರಡು ಕೋಟಿ ಜನ ಹೊಸದಾಗಿ ವಿಮೆಯ ನೆರಳಿಗೆ ಬಂದರು. ವಿಮೆ ಇಲ್ಲದವರ ಪ್ರಮಾಣ 2010ರಲ್ಲಿ ಶೇ 16ರಷ್ಟಿದ್ದದ್ದು 2016ರ ಹೊತ್ತಿಗೆ ಶೇ 9ರ ಆಸುಪಾಸಿಗೆ ಇಳಿಯಿತು. ಇದರಲ್ಲಿ ದೊಡ್ಡ ಪಾಲು ಬಡವರ ಸರ್ಕಾರಿ ವಿಮೆಯಾದ ಮೆಡಿಕೇಡ್‌ನ ವಿಸ್ತರಣೆಯದು. ಆ ರಾತ್ರಿಯ ಭಾಷಣದಲ್ಲಿ ಒತ್ತು ಸಿಗದ ಈ ಸರ್ಕಾರಿ ಭಾಗವೇ ಕೊನೆಗೆ ಹೆಚ್ಚು ಬಡವರನ್ನು ತಲುಪಿತು. 2012ರಲ್ಲಿ ಸುಪ್ರೀಂ ಕೋರ್ಟ್ ವಿಸ್ತರಣೆಯನ್ನು ರಾಜ್ಯಗಳ ಇಚ್ಛೆಗೆ ಬಿಟ್ಟಿತು. ಒಪ್ಪದೇ ಉಳಿದ ರಾಜ್ಯಗಳಲ್ಲಿ ಟೆಕ್ಸಾಸ್ ದೊಡ್ಡದು, ವಿಮೆ ಇಲ್ಲದವರ ಪ್ರಮಾಣದಲ್ಲೂ ಅದೇ ಮುಂದೆ. ನಿಮ್ಮ ಅಕ್ಕ ತಮ್ಮ ಸುತ್ತ ಕಾಣುತ್ತಿರುವುದು ಇದನ್ನೇ.

ಕೊನೆಯದಾಗಿ ಒಂದು ಓದಿನ ಸಲಹೆ. 2016ರ ಜುಲೈನಲ್ಲಿ, ಅಧಿಕಾರ ಬಿಡಲು ಆರು ತಿಂಗಳಿದ್ದಾಗ, ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಒಬಾಮಾ ಈ ಕಾನೂನಿನ ಬಗ್ಗೆ ತಮ್ಮ ಹೆಸರಿನಲ್ಲೇ ದೀರ್ಘ ಲೇಖನ ಬರೆದರು. ಕಂಪನಿಗಳ ನಡುವೆ ಸ್ಪರ್ಧೆ ಇಲ್ಲದ ಪ್ರದೇಶಗಳಲ್ಲಿ ಸರ್ಕಾರಿ ವಿಮಾ ಯೋಜನೆ ತರುವ ವಿಷಯವನ್ನು ಸಂಸತ್ತು ಮತ್ತೆ ಕೈಗೆತ್ತಿಕೊಳ್ಳಬೇಕು ಎಂದು ಅದರಲ್ಲಿ ಹೇಳಿದ್ದಾರೆ. ಎರಡು ವರ್ಷಗಳ ನಂತರ ಇಲಿನಾಯ್ ವಿಶ್ವವಿದ್ಯಾಲಯದ ಭಾಷಣದಲ್ಲಿ, ಮೆಡಿಕೇರ್ ಅನ್ನು ಎಲ್ಲರಿಗೂ ವಿಸ್ತರಿಸುವುದನ್ನು ಒಳ್ಳೆಯ ಹೊಸ ಆಲೋಚನೆಗಳ ಸಾಲಿಗೆ ಸೇರಿಸಿದರು. 2009ರ ಭಾಷಣದಲ್ಲಿ ‘ಪ್ರಗತಿಪರ ಮಿತ್ರರೇ’ ಎಂದು ಶುರುವಾಗುವ ಭಾಗವನ್ನು ಒಂದು ಪಕ್ಕ, 2016ರ ಲೇಖನದ ಆ ಸಾಲುಗಳನ್ನು ಇನ್ನೊಂದು ಪಕ್ಕ ಇಟ್ಟುಕೊಂಡು ಓದಿ. ಆ ಮಿತ್ರರು 2009ರಲ್ಲೇ ಅದನ್ನು, ಅದೂ ಇಡೀ ದೇಶಕ್ಕೆ, ಕೇಳಿದ್ದರು.